ಪುಲ್ಲಿಗಿಟ್ಟ ಬೊಟ್ಟು

ಶಿರಾ ಗೇಟ್ ಹತ್ತಿರದ ಮೋಟಾರ್ ವೈಂಡಿಂಗ್ ಅಂಗಡಿಯ ಅಕ್ಕನ ಹಣೆ ದಿನದಲ್ಲಿ ಅರ್ಧ ಹೊತ್ತು ಬರಿದಾಗಿಯೇ ಇರುತ್ತಿತ್ತು. ಗಂಡ ಪಕ್ಕದಲ್ಲೇ ಕೂತು ತಾಮ್ರದ ತಂತಿ ಬಿಡಿಸುತ್ತಿದ್ದರು. ರಿಪೇರಿಯಾದ ಮೋಟಾರಿನ ಸ್ಪೀಡ್ ನೋಡಲು ಬೆಳಕು ಬಿಡುವ ಅಗ್ಗದ ಮೀಟರೊಂದಿತ್ತು. ಅದರ ಜೊತೆ ಬಂದಿದ್ದ ಹೊಳೆಯುವ ಟೇಪು ಮುಗಿದ ಮೇಲೆ, ಅಕ್ಕ ತಮ್ಮ ಹಣೆಯ ಮಿರುಗುವ ಸ್ಟಿಕರ್ ಬೊಟ್ಟನ್ನೇ ಕಿತ್ತು, ಮೋಟಾರಿಗೆ ಬೆಲ್ಟ್ ಹಾಕುವ ಗಾಲಿಯ, ಅಂದರೆ ಪುಲ್ಲಿಯ, ಮುಖಕ್ಕೆ ಅಂಟಿಸುತ್ತಿದ್ದರು. ಬೊಟ್ಟು ಎದುರಿಗೆ ಬಂದಾಗಲೆಲ್ಲ ಮೀಟರ್ ಒಂದು ಸುತ್ತು ಎಣಿಸುತ್ತಿತ್ತು. ಯಾರು ಏನೇ ಕೇಳಲಿ, "ಇರಿ, ಅದೇ ಹೇಳ್ತದೆ" ಅನ್ನುವರು.

ಬೆಳ್ಳಾವಿಯಲ್ಲಿರುವ ನಮ್ಮ ಹಿಟ್ಟಿನ ಮಿಲ್ಲಿನ ಸುಟ್ಟ ಮೋಟಾರ್ ಒಮ್ಮೆ ರಿಪೇರಿಯಾದ ಮೇಲೆ ಇರಬೇಕಾದ್ದರ ಎರಡರಷ್ಟು ಸ್ಪೀಡ್ ತೋರಿಸಿತು. ನಾನು ಮೀಟರಿನತ್ತ ಬಗ್ಗಿ ಕೇಳಿದೆ.

"ಮತ್ತೆ ಸುಟ್ಟೋಯ್ತದಾ ಅಕ್ಕ?"

"ಇರಿ, ಅದೇ ಹೇಳ್ತದೆ."

ಮೋಟಾರ್ ನಿಲ್ಲಿಸಿ ಪುಲ್ಲಿಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಅದೇ ಮುಖದ ಇನ್ನೊಂದು ಅಂಚಿನಲ್ಲಿ, ಆಯುಧಪೂಜೆಗೆ ನನ್ನ ಹೆಂಡತಿ ಇಟ್ಟಿದ್ದ ವಿಭೂತಿ ಬೊಟ್ಟು ಬೆಳ್ಳಗೆ ಉಳಿದಿತ್ತು. ಮೀಟರ್ ಅದನ್ನೂ ಎಣಿಸಿತ್ತು. ಒರೆಸೋಣವೆಂದು ನಾನು ಟವಲ್ ತೆಗೆದೆ. ಅಕ್ಕ ಕೈ ತಡೆದರು. ತಮ್ಮ ಬೊಟ್ಟನ್ನು ಕಿತ್ತು ಹಣೆಗೆ ಒತ್ತಿಕೊಂಡರು.

"ಒಂದು ಮುಖಕ್ಕೆ ಒಂದೇ ಬೊಟ್ಟು ಸಾಕು ಕಣಣ್ಣ" ಎಂದು ನಕ್ಕು ಸ್ವಿಚ್ ಹಾಕಿದರು.

ಪೂಜೆಯ ಬೊಟ್ಟೇ ಸರಿಯಾದ ಸ್ಪೀಡ್ ಹೇಳಿತು.