ಬಾಗಿಲಿನ ಎದುರಿನ ಒಂದು ಮೊಳ

ಖಾತೂನ್ ಗಾರೆ ಕೆಲಸದ ಶಬ್ತಾಯನನ್ನು ಮೊದಲು ಕಂಡದ್ದು, ಮದುವೆಯಾಗಿ ಜೆರುಸಲೇಮಿನ ಆ ಓಣಿಗೆ ಬಂದ ಮೂರನೆಯ ದಿನ. ಅವಳಿದ್ದ ಒಂದೇ ಕೋಣೆಗೆ ಅವನು ಗಾರೆ ಬಳಿಯುತ್ತಿದ್ದ. ಸುಣ್ಣದ ಧೂಳಿಗೆ ಹುಬ್ಬು ಗಡ್ಡ ಎಲ್ಲ ಬೆಳ್ಳಗಾಗಿ, ಮೋಡದೊಳಗಿಂದ ಇಳಿದು ಬಂದವನ ಹಾಗಿದ್ದ. ಸಂಜೆ ನೋಡಿದರೆ ಬಾಗಿಲಿನ ಎದುರು ಗೋಡೆಯಲ್ಲಿ ಮೊಳ ಉದ್ದ, ಮೊಳ ಅಗಲ ಕಲ್ಲು ಬರಿದಾಗಿಯೇ ಇತ್ತು. ಅವಳ ಬೆಟ್ಟದೂರಿನ ಯಹೂದಿಗಳ ಮಣ್ಣಿನ ಮನೆಗಳಲ್ಲಿ ಈ ರೂಢಿ ಇರಲಿಲ್ಲ.

"ಗಾರೆ ಸಾಲಲಿಲ್ವಾ ಮಾವ, ಇಲ್ಲಾ ಎಲ್ಲ ಗಡ್ಡಕ್ಕೇ ಹೋಯ್ತಾ?" ಎಂದಳು.

ಅವನು ನಗಲಿಲ್ಲ. "ದೇವಾಲಯ ಬಿದ್ದು ಎರಡು ಸಾವಿರ ವರ್ಷ ಆಗ್ತಾ ಬಂತು ಮಗಳೇ. ದೇವರ ಮನೆ ಹಾಳುಬಿದ್ದಿರುವಾಗ ನಮ್ಮದು ಪೂರ್ತಿ ಆಗಬಾರದು. ಅವನದು ಏಳಲಿ, ನಿಂದೂ ತುಂಬಿಸ್ತೀನಿ."

ಏಳು ವರ್ಷ ಕಳೆಯಿತು. ಒಂದು ಶುಕ್ರವಾರ, ಸಬ್ಬತ್ ದೀಪಕ್ಕೆ ಇನ್ನೊಂದು ಗಳಿಗೆ ಇರುವಾಗ, ನಮಗೊಂದು ರಾಜ್ಯವಾಯಿತು ಎಂಬ ಸುದ್ದಿ ಓಣಿಗೆ ಬಂತು. ಜನ ಕುಣಿದರು. ಶಬ್ತಾಯ್ ಮಾತ್ರ ನಿದ್ದೆಯಲ್ಲಿ ನಡೆಯುವವನಂತೆ ಗಾರೆಯ ಬಕೆಟ್ಟು ಹಿಡಿದು ಅವಳ ಕೋಣೆಗೆ ಬಂದ. ಯಾರ ಕೈಯೂ ಸೋಕದೆ ದೇವಾಲಯ ತಾನಾಗಿ ಏಳುವ ಕನಸು ಅವನಿಗೆ ಬಹಳ ದಿನದಿಂದ ಬೀಳುತ್ತಿತ್ತು. ಇದೇ ಆ ದಿನವೆಂದು ನಂಬಿ, ಬರಿ ಕಲ್ಲಿಗೆ ಗಾರೆ ತುಂಬಿಬಿಟ್ಟ. ಖಾತೂನಳ ಗಂಡ ಆಶೇರ್ ನಗುತ್ತಾ ಹಸಿ ಗಾರೆಗೆ ತನ್ನ ಬಲಗೈ ಒತ್ತಿದ.

ಯುದ್ಧ ಶುರುವಾಗಿ ಎರಡು ವಾರಕ್ಕೆ ಹಳೆಯ ಪೇಟೆ ಕೈತಪ್ಪಿತು. ದೇವಾಲಯದ್ದೆಂದು ಉಳಿದಿದ್ದ ಗೋಡೆಯೂ ಗಡಿಯಾಚೆ ಹೋಯಿತು. ಅದೇ ವಾರ ನೀರಿನ ಗಾಡಿಯ ಹತ್ತಿರ ಗುಂಡು ಬಿದ್ದು ಆಶೇರ್ ತೀರಿಕೊಂಡ.

ಆ ಬೇಸಿಗೆ, ದೇವಾಲಯ ಬಿದ್ದ ದಿನದ ಉಪವಾಸ ಕಳೆದ ಮಾರನೆಯ ಬೆಳಿಗ್ಗೆ ಶಬ್ತಾಯ್ ಉಳಿ ತಂದ. ಆತುರಪಟ್ಟೆ, ರಾಜ್ಯ ಬಂದಿದೆ, ದೇವರು ಇನ್ನೂ ಬಂದಿಲ್ಲ, ಕೆರೆಯಲು ಬಿಡು ಎಂದ. ಖಾತೂನ್ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗಂಡನದೆಂದು ಅವಳಿಗೆ ಉಳಿದದ್ದು ಆ ಅಂಗೈ ಒಂದೇ: ಏಳು ಬೆರಳು ಅಗಲ, ಹನ್ನೊಂದು ಬೆರಳು ಉದ್ದ. ಅವನು ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕಿಟಕಿಯಲ್ಲಿಟ್ಟು ಹೋದ.

ಆಮೇಲೆ ವರ್ಷವರ್ಷವೂ ಅದೇ ಬೆಳಿಗ್ಗೆ ಬರುತ್ತಿದ್ದ. ಅವಳ ಹುಳಿಸಾರಿನ ಕುಬ್ಬೆಯುಂಡೆ ತಿಂದು, ಗೋಡೆ ನೋಡುತ್ತಾ ಕೂರುತ್ತಿದ್ದ. ಹೊಸದಾಗಿ ಬಂದವರ ಸಾವಿರ ಮನೆಗಳಲ್ಲಿ ಮೊಳ ಬಿಟ್ಟಿದ್ದೇನೆ, ಒಂದೇ ಮನೆಯಲ್ಲಿ ತುಂಬಿದ್ದೇನೆ ಎನ್ನುತ್ತಿದ್ದ. ಕನಸಿನಲ್ಲಿ ಈಗ ದೇವಾಲಯ ಮೊಣಕಾಲೆತ್ತರ ಎದ್ದು ನಿಂತುಬಿಡುತ್ತದೆ, ಈ ಕೋಣೆಯ ಕಡೆ ನೋಡುತ್ತದೆ ಎಂದೂ ಹೇಳುತ್ತಿದ್ದ. ಉಳಿಯನ್ನು ಮಾತ್ರ ಕೇಳಲಿಲ್ಲ.

ಹದಿನಾಲ್ಕನೆಯ ವರ್ಷ ಗೋಡೆ ಸವರಿಕೊಂಡೇ ಬಂದ. ಸುಣ್ಣ ಅವನ ಎರಡು ಕಣ್ಣನ್ನೂ ತಿಂದಿತ್ತು. ಕೈಯಾಡಿಸಿ ಆಶೇರನ ಅಂಗೈ ಹುಡುಕಿ, ಅದರೊಳಗೆ ತನ್ನ ಅಂಗೈ ಇಟ್ಟು ಬಹಳ ಹೊತ್ತು ನಿಂತ. ಸಾರು ಆರಿತು. ಖಾತೂನ್ ಕಿಟಕಿಯ ಬಟ್ಟೆ ಬಿಚ್ಚಿದಳು. ಉಳಿಗೆ ತುಕ್ಕಿರಲಿಲ್ಲ, ಪ್ರತಿ ವರ್ಷ ಅವನು ಹೋದ ಮೇಲೆ ಎಣ್ಣೆ ಹಚ್ಚಿಡುತ್ತಿದ್ದಳು. ಬಟ್ಟೆಯ ಸದ್ದಿಗೆ ಅವನು ಮುಖ ತಿರುಗಿಸಿದ. ಆ ಚಳಿಗಾಲವನ್ನು ಅವನು ದಾಟಲಿಲ್ಲ, ಆ ಬೆಳಿಗ್ಗೆ ಹೀಗೆ ಕೇಳಿದ್ದು ಬಿಟ್ಟರೆ ಅವಳನ್ನು ಮತ್ತೇನೂ ಕೇಳಲಿಲ್ಲ:

"ಇವನ ಕೈ ಹೀಗೇ ಇರಲಿ. ಸುತ್ತ ಕೆರೆದ್ರೆ ಸಾಕು, ಅಷ್ಟಕ್ಕೆಲ್ಲ ದೇವರು ಅಳತೆ ಹಿಡಿಯಲ್ಲ. ನನಗೆ ಕಾಣ್ಸಲ್ಲ ಮಗಳೇ, ಉಳಿ ನೀನು ಹಿಡೀತೀಯಾ?"