ವರಾತದ ಹಿಂದಿನ ಟೆಂಪೋದಲ್ಲಿ

ಹಳೆಯ ಆಂಪ್ಲಿಫೈಯರ್ ಬಿಸಿಯಾದಾಗ ಒಳಗಿನ ಧೂಳು ಸುಟ್ಟ ವಾಸನೆ ಬರುತ್ತದೆ. ನಾನು ಪಾಠ ಹೇಳುವ ಸಾಂಗಲಿಯ ಕಾಲೇಜಿನಲ್ಲಿ ಮೊನ್ನೆ ಮೈಕ್ ಹಚ್ಚಿದಾಗ ಅದೇ ವಾಸನೆ ಬಂತು. ಆಮೇಲೆ ಭಾಷಣದಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವ್ವನ ಒಡಹುಟ್ಟಿದ ಮಾವಶಿಯ ಮಗಳು ನೆನಪಾಗಿದ್ದಳು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ...

ಮಾವಶಿಯ ಗಂಡನಿಗೆ ಮಿರಜ ಸ್ಟೇಷನ್ನಿನ ಹತ್ತಿರ ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ಅಂಗಡಿ ಇತ್ತು. ಮನೆಮನೆಗೆ ಕೇಬಲ್ ಟೀವಿ ಬರುತ್ತಿದ್ದ ವರ್ಷಗಳು ಅವು. ಮುಂಬೈಯಿಂದ ಯಾರೋ ತಂದ ಕ್ಯಾಸೆಟ್ಟೊಂದು ಅಕ್ಕನ ಕೈಗೆ ಸಿಕ್ಕಿತು. ಯಾವುದೋ ಇಂಗ್ಲಿಷ್ ಡಿಜೆ ಗುಂಪಿನ ಹೌಸ್ ಸಂಗೀತ. ಒಂದೇ ಸಮನೆ ಬಡಿಯುವ ತಾಳ, ಒಂದು ಹಾಡು ಮುಗಿಯುವ ಮೊದಲೇ ಅದರ ಹೊಟ್ಟೆಯೊಳಗೆ ಇನ್ನೊಂದು ಶುರು. ನಾನಾಗ ಕೊಲ್ಹಾಪುರದಲ್ಲಿ ಎಂ.ಎ. ಓದುತ್ತಿದ್ದೆ. ಅರ್ಥ ಹೇಳೆಂದು ಕರೆದಳು.

“ಏನಂತಾರ ಇವ್ರು?”

“ಬಾ ಅಂತಾರ. ಮತ್ತ ಬಾ ಅಂತಾರ,” ಎಂದೆ.

“ಅಷ್ಟನ? ಇಷ್ಟ ಓದಿ ಇಷ್ಟ ತಿಳೀತ ನಿನಗ?” ಎಂದು ನಕ್ಕಳು.

ಕುಪವಾಡದ ಕಾರ್ಖಾನೆಯಲ್ಲಿದ್ದ ಒಬ್ಬ ಹುಡುಗ, ಟೆಂಪೋ ಓಡಿಸುವ ಇನ್ನೊಬ್ಬ, ಮತ್ತು ಅಕ್ಕ ಸೇರಿ ಅಂಥದೇ ಒಂದು ಗುಂಪು ಕಟ್ಟಿದರು. ಟೆಂಪೋದ ಬೋರ್ಡಿನಲ್ಲಿ ಕಪ್ಪು ಕನ್ನಡಕ ಹಾಕಿದ ಹುಡುಗರಿಬ್ಬರ ಫೋಟೋ ಮಾತ್ರ ಇತ್ತು. ಮದುವೆಯ ವರಾತದ ಮೆರವಣಿಗೆಯಲ್ಲಿ ಹುಡುಗಿ ನಿಂತು ಹಾಡು ಹಚ್ಚುವುದು ನಮ್ಮ ಜೈನ ಮನೆತನಗಳಿಗೆ ಸೇರುತ್ತಿರಲಿಲ್ಲ. ಆಕೆ ಟೆಂಪೋದೊಳಗೆ, ಪರದೆಯ ಹಿಂದೆ, ಎರಡು ಟೇಪುಗಳ ನಡುವೆ ಕೂರುತ್ತಿದ್ದಳು. ಮೊದಲು ಸಲಗರೆಯ ಕಡೆಯ ಮದುವೆಗಳು, ಆಮೇಲೆ ಕಾಲೇಜಿನ ಗ್ಯಾದರಿಂಗು, ಗಣಪತಿ ಮೆರವಣಿಗೆ. ದೊಡ್ಡ ಮನೆಯವರೂ ಇವರಿಗಾಗಿ ಮದುವೆಯ ದಿನ ಹಿಂದೆಮುಂದೆ ಮಾಡತೊಡಗಿದರು.

ನನ್ನ ಅಪ್ಪ ಅರಿಸಿನದ ವ್ಯಾಪಾರಿ. ಅವರದು ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ನಾನು ಎಂ.ಎ.ದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲನೆಯವಳಾಗಿ ಪಾಸಾದ ದಿನ ಪೇಪರಿನಿಂದ ತಲೆ ಎತ್ತಿ “ಛಲೋ ಆತು” ಎಂದರು, ಮತ್ತೆ ಓದತೊಡಗಿದರು. ಇನ್ನೊಂದು ಮಾತು ಬಂದೀತೆಂದು ಎಷ್ಟೋ ದಿನ ಕಾದೆ.

ಆ ವರ್ಷವೇ ನನ್ನ ಅಣ್ಣನ ಮದುವೆ, ಮಾಲಗಾಂವದಲ್ಲಿ. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಕತ್ತಲಾದರೆ ಹಿರಿಯರು ನೀರೂ ಮುಟ್ಟುವುದಿಲ್ಲ. ಅಜ್ಜಿಗೆ ಹಿಂದಿನ ದಿನವೂ ಉಪವಾಸವಾಗಿತ್ತು. ಅಕ್ಕನ ಟೆಂಪೋ ಹಿಂದಿದ್ದ ವರಾತ ಮಂಟಪದಿಂದ ದೂರವೇ ಸಿಕ್ಕಿಬಿತ್ತು. ಅಣ್ಣನ ಗೆಳೆಯರು ನಿಂತಲ್ಲೇ ಕುಣಿಯುತ್ತಿದ್ದರು.

“ಆತು, ಇವತ್ತೂ ನನ್ನ ಹೊಟ್ಟಿಗೆ ತಣ್ಣೀರ ಬಟ್ಟಿ,” ಎಂದಳು ಅಜ್ಜಿ.

“ಏ ಹುಡುಗೋರ್ಯಾ, ಮುಂದ ನಡೀರೋ!” ಎಂದು ಅಪ್ಪ ಕೂಗಿದರು. ಅವರು “ಕಾಕಾ, ಅಜೂನ್ ಏಕ್!” ಎಂದು ಇನ್ನೊಂದು ಹಾಡು ಬೇಡುತ್ತ ಅಪ್ಪನನ್ನೇ ಕುಣಿಯಲು ಎಳೆದರು. ಹಾಡು ನಿಲ್ಲಿಸಿದ್ದರೆ ಜಗಳವೇ ಆಗುತ್ತಿತ್ತು.

ಆಗ ಪರದೆಯ ಹಿಂದೆ ಅಕ್ಕ ಟೇಪಿನ ವೇಗ ಏರಿಸಿದಳೇನೋ, ತಾಳ ಒಂದಿಷ್ಟೇ ಬಿಗಿಯಾಯಿತು. ಇನ್ನೊಂದಿಷ್ಟು. ಟೆಂಪೋ ಹಿಂದಿನಿಂದ ಮೆಲ್ಲಗೆ ಒತ್ತಿ ಬಂತು. ಹಾಡು ಎಲ್ಲಿಯೂ ತುಂಡಾಗದ್ದರಿಂದ ನಿಲ್ಲಲು ಯಾರಿಗೂ ಎಡೆ ಸಿಗಲಿಲ್ಲ. ಕುಣಿಯುತ್ತ ಕುಣಿಯುತ್ತ ಅವರು ನಡೆಯತೊಡಗಿದ್ದರು. ನನ್ನ ಕಾಲುಗಳೂ ಬೇಗ ಬೇಗ ಬೀಳುತ್ತಿದ್ದವು. ಅದು ಅರಿವಿಗೆ ಬಂದಾಗ ನನಗೆ ಸಿಟ್ಟು ಬಂತು.

ಬಿಸಿಲು ಇನ್ನೂ ಇರುವಾಗಲೇ ಅಜ್ಜಿ ಎಲೆಯ ಮುಂದೆ ಕೂತಳು. ಅಕ್ಕನಿಗೆ ಊಟ ಒಯ್ಯಲು ನನ್ನನ್ನೇ ಕಳಿಸಿದರು. ನಾನು ತಾಟು ಹಿಡಿದು ಹೋದಾಗ ಅಪ್ಪ ಪರದೆ ಸರಿಸಿ ನಿಂತಿದ್ದರು. ವರನ ತಂದೆಯೆಂದು ತಮಗೆ ಕಟ್ಟಿದ್ದ ಫೇಟಾ ತೆಗೆದು ಆಕೆಯ ತಲೆಯ ಮೇಲಿಟ್ಟರು. ನಮ್ಮ ಮನೆತನದಲ್ಲಿ ಯಾವ ಹೆಣ್ಣಿಗೂ ಫೇಟಾ ಇಟ್ಟದ್ದನ್ನು ನಾನು ನೋಡಿರಲಿಲ್ಲ.

“ನಿನ್ನಂಥಾಕಿ ಒಬ್ಬಾಕಿ ನಮ್ಮ ಮನ್ಯಾಗ ಹುಟ್ಟಬೇಕಿತ್ತವಾ,” ಎಂದರು.

“ಕಾಕಾ, ಭಾಳ ಸೆಕಿ ಐತ್ರಿ ಇದ್ರಾಗ. ಇಷ್ಟೊತ್ತು ಹೆಂಗ ಕಟ್ಕೊಂಡಿದ್ರಿ?” ಎಂದು ಅಕ್ಕ ನಕ್ಕಳು.

ನಾನು ತಾಟು ಅಲ್ಲೇ ಇಟ್ಟು ಬಂದೆ. ಅಪ್ಪ ನನ್ನನ್ನು ನೋಡಲಿಲ್ಲ.

ಆಮೇಲೆ ಟೆಂಪೋಗೆ ಹೊಸ ಬೋರ್ಡು ಬಂತು. ನಡುವೆ ಫೇಟಾ ತೊಟ್ಟ ಅಕ್ಕ. ಪುಣೆಯ ಹೋಟೆಲೊಂದರಿಂದಲೂ ಕರೆ ಬಂದಿತ್ತು. ನಾನು ಬಸ್ಸಿನ ಕಿಟಕಿಯಿಂದ ಆ ಬೋರ್ಡು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದೆ... ಪುಣೆಗೆ ಹೋಗುವ ಮೊದಲೇ ಆಕೆಗೆ ಕಾಮಾಲೆಯಾಯಿತು. ಮಿರಜದಲ್ಲಿ ಅಷ್ಟು ದವಾಖಾನೆಗಳಿದ್ದೂ ಉಳಿಯಲಿಲ್ಲ. ಹುಡುಗರಿಬ್ಬರೂ ಸ್ವಲ್ಪ ದಿನ ಪ್ರಯತ್ನಪಟ್ಟರು, ಆಮೇಲೆ ಟೆಂಪೋ ಮಾರಿದರು.

ಈಗಿನ ವರಾತಗಳಿಗೆ ಲಾರಿ ತುಂಬ ಸ್ಪೀಕರ್ ಬರುತ್ತವೆ. ಹೋದ ವಾರ ಅಪ್ಪನನ್ನು ಸ್ಕೂಟರಿನಲ್ಲಿ ಕರೆತರುವಾಗ ಅಂಥದೊಂದು ಅಡ್ಡ ಬಂತು. ನಿಲ್ಲಿಸಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ತಾಳ ಮುರಿಯಿತು, ಕುಣಿಯುತ್ತಿದ್ದವರು ನಿಂತರು.

“ಆಕಿ ಇರಬೇಕಿತ್ತು,” ಎಂದರು ಅಪ್ಪ, ನನ್ನ ಬೆನ್ನ ಹಿಂದಿನಿಂದ.

“ಹೂಂ,” ಎಂದೆ. ಸುಳ್ಳು ಹೇಳಲಿಲ್ಲ. ಬದುಕಿದ್ದರೆ ಅಕ್ಕನೂ ಒಂದಲ್ಲ ಒಂದು ದಿನ ಹೀಗೆ ತಾಳ ತಪ್ಪುತ್ತಿದ್ದಳು, ಅಪ್ಪ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ನಾನು ಅದಕ್ಕಾಗಿ ಕಾಯಬಹುದಿತ್ತು. ಈಗ ಆಕೆ ತಪ್ಪುವುದೇ ಇಲ್ಲ.