ಮುಖ ನೋಡುವ ಕೋಚ್

ಓಟಗಾರರ ಊರಾದ ಇಟೆನ್ ಗುಡ್ಡದ ಮೇಲೆ ಓಟ ಕಲಿಸುವವರಿಗೇನು ಬರವಿಲ್ಲ. ಆದರೆ ಕೈಗೆ ಗಡಿಯಾರ ಕಟ್ಟದ ಕೋಚ್ ಅಂದರೆ ಯಾತಿಚ್ ಒಬ್ಬರೇ. ಬೆಳಿಗ್ಗೆ ಕೆಮ್ಮಣ್ಣಿನ ರಸ್ತೆಯ ತಿರುವಿನಲ್ಲಿ, ಹಳೇ ಕೋಟಿನ ಜೇಬಿಗೆ ಕೈ ತುರುಕಿ ನಿಲ್ಲುವರು. ಹುಡುಗರು ಏರು ಹತ್ತಿ ಬರುವಾಗ ಕಾಲು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು.

“ಲೇ ಲಿಮೊ, ಹಲ್ಲು ಯಾಕೆ ಕಚ್ಚಿದ್ದೀಯ? ನಡಿ ಮನೆಗೆ, ಚಹಾ ಕುಡಿದು ಮಲಗು.”

“ಇನ್ನೊಂದು ಸುತ್ತು ಓಡ್ತೀನಿ ಕೋಚ್.”

“ಓಡು, ಓಡು. ಆಮೇಲೆ ನಿನ್ನ ಹೊತ್ಕೊಂಡು ಹೋಗೋಕೆ ನಮ್ಮಪ್ಪ ಬರ್ತಾನಾ?”

ಎಲ್ಲರಿಗೂ ಒಂದೇ ಮದ್ದು ಅರೆಯುವ ಜಾತಿಯಲ್ಲ ಅವರು. ಒಬ್ಬನಿಗೆ ಗುಡ್ಡ, ಇನ್ನೊಬ್ಬನಿಗೆ ನಿದ್ದೆ, ಮತ್ತೊಬ್ಬನಿಗೆ ಬರೀ ಬೈಗುಳ. ಅವರ ಎಣಿಕೆ ಹೆಚ್ಚಾಗಿ ಸರಿಯಿರುತ್ತಿತ್ತು, ಅದೇ ತಲೆಗೇರಿತ್ತು.

ಆ ವರ್ಷ ದೇಶದ ತಂಡದ ಆಯ್ಕೆಗೆ ಅವರ ಗುಂಪಿನಿಂದ ಹೊರಟವನು ಕಿಬಿವೊಟ್. ಓಟವೊಂದು ಬಿಟ್ಟರೆ ಆ ಹುಡುಗನಿಗೆ ಬೇರೆ ಗತಿಯಿರಲಿಲ್ಲ. ಎಂಥ ಏರಿನಲ್ಲೂ ಅವನ ಮುಖ ಆಗಷ್ಟೇ ಉಂಡು ಎದ್ದವನ ಹಾಗೆ ಇರುತ್ತಿತ್ತು. ಹಾಗಾಗಿ ಯಾತಿಚ್ ಅವನಿಗೆ ವಿಶ್ರಾಂತಿ ಹೇಳಿದ್ದೇ ಇಲ್ಲ.

ಆಯ್ಕೆ ಹತ್ತಿರ ಬಂದಾಗ ಅವನ ತಾಯಿ ತಪ್ಸುಬೆಯ್ ಹುಡುಕಿಕೊಂಡು ಬಂದಳು.

“ಯಾತಿಚಣ್ಣ, ಅವನು ಮೊಣಕಾಲ ಕೆಳಗೆ ಹಿಡ್ಕೊಂಡೇ ಮಲಗ್ತಾನೆ. ನಿದ್ದೇಲಿ ನರಳ್ತಾನೆ. ಕೇಳಿದ್ರೆ ಏನಿಲ್ಲ ಅಂತಾನೆ.”

“ನೋವಿದ್ರೆ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವೇನಮ್ಮ? ಹೆತ್ತ ಕರುಳು, ಸುಮ್ನೆ ಹೆದರ್ತೀಯ.”

ಹಾಗಂದರೂ ಮಾರನೆಯ ದಿನ ಅವನ ಮುಖವನ್ನೇ ದಿಟ್ಟಿಸಿದರು. ಒಂದು ಗೆರೆಯೂ ಕದಲಲಿಲ್ಲ. ಕಾಲು ಮುಟ್ಟಿ ನೋಡಬಹುದಿತ್ತು. ನೋಡಲಿಲ್ಲ, ಪುಣ್ಯಾತ್ಮ! “ಇನ್ನೊಂದು ಸುತ್ತು ಮಗಾ,” ಎಂದರು.

ಆ ಸುತ್ತಿನ ಇಳಿಜಾರಿನಲ್ಲೇ ಕಾಲು ಮುರಿಯಿತು. ಒಣ ಸೌದೆ ಮುರಿದಂಥ ಸದ್ದು ಹಿಂದೆ ಬರುತ್ತಿದ್ದ ಲಿಮೊನಿಗೂ ಕೇಳಿಸಿತು.

ಪಿಕಪ್ ಗಾಡಿಯಲ್ಲಿ ಮಲಗಿಸಿ ಎಲ್ಡೊರೆಟ್ ಪಟ್ಟಣದ ಆಸ್ಪತ್ರೆಗೆ ಹೊರಟರು. ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಅಯ್ಯೋ ಎಂದವರು ಯಾತಿಚ್. ಹುಡುಗ ತುಟಿ ಬಿಚ್ಚಲಿಲ್ಲ. ಆಗ ಅವರಿಗೆ ಹಳೆಯದು ನೆನಪಾಯಿತು. ಹುಡುಗರನ್ನು ಗಂಡಸರ ಸಾಲಿಗೆ ಸೇರಿಸುವ ಸುನ್ನತಿಯಲ್ಲಿ ಇವನಿಗೆ ಗುರುವಾಗಿ ನಿಂತವರು ಅವರೇ. ಅದಕ್ಕೆ ಮೊದಲು ಹುಡುಗರ ಮುಖಕ್ಕೆ ಕೆಸರು ಮೆತ್ತಿ ಒಣಗಿಸುತ್ತಾರೆ. ಕತ್ತಿ ತಾಗಿದಾಗ ಮುಖ ಕದಲಿ ಆ ಕೆಸರು ಬಿರುಕು ಬಿಟ್ಟರೆ ನೀನು ಗಂಡಸೇ ಅಲ್ಲ ಎಂದು ಅವನ ಕಿವಿಯಲ್ಲಿ ಊದಿದವರೂ ಅವರೇ. ಉಳಿದ ಹುಡುಗರು ಆ ಪಾಠವನ್ನು ಅಷ್ಟಿಷ್ಟು ಮರೆತಿದ್ದರು. ಇವನೊಬ್ಬ ಮರೆತಿರಲಿಲ್ಲ.

“ಮೂಳೆ ತುಂಬ ದಿನದಿಂದ ಸೀಳು ಬಿಟ್ಟಿತ್ತು,” ಎಂದರು ಡಾಕ್ಟರು. “ಇನ್ನು ಓಟದ ಮಾತು ಬೇಡ. ಕುಂಟದೆ ನಡೆದರೆ ಅದೇ ದೊಡ್ಡದು.”

ಯಾತಿಚ್ ಮಂಚದ ಪಕ್ಕ ಕುಸಿದು ಕೂತರು. “ನೋಯ್ತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತೇನೋ ಮಗಾ?”

“ನೋವೇನಿಲ್ಲ ಕೋಚ್.”

“ಈಗಲಾದ್ರೂ ಹೇಳೋ! ಕಿರುಚೋ! ನನಗಾದ್ರೂ ಬೈಯೋ!” ಮಂಚದ ಕಂಬಿ ಹಿಡಿದು ಆ ದೊಡ್ಡ ಮನುಷ್ಯ ಗೊಳೋ ಎಂದು ಅತ್ತುಬಿಟ್ಟರು.

ಕಿಬಿವೊಟ್ ಸುತ್ತ ನೋಡಿದ. ಪಕ್ಕದ ಮಂಚದವರು ಎದ್ದು ಕೂತಿದ್ದರು. ಮೊದಲ ಸಲ ಅವನ ಮುಖ ಕಿವುಚಿಕೊಂಡಿತು, ನಾಚಿಕೆಯಿಂದ.

“ಕಣ್ಣೊರೆಸ್ಕೊಳ್ಳಿ ಕೋಚ್,” ಎಂದು ಪಿಸುಗುಟ್ಟಿದ. “ಜನ ನೋಡ್ತಿದಾರೆ.”